ನಿಮಗಿದು ಗೊತ್ತೇ? ಸಹಿ ಇದೆ ಸರಿ, ಯಾರದ್ದು?

● ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ರೈತರು ಮುಂಗಾರಿಗೆ ಮುನ್ನ ಕೊಳ್ಳುವ ಬೀಜದ ಚೀಲಕ್ಕೆ ಹೊಲಿದಿರುವ ಚೀಟಿಯ ಬಣ್ಣಕ್ಕೂ ಅರ್ಥವಿದೆ. ತಳಿವರ್ಧಕ ಬೀಜಕ್ಕೆ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ನೀಲಿ ಚೀಟಿಯ ವಾಯಿದೆ 9 ತಿಂಗಳು. ಮತ್ತೆ ಪರೀಕ್ಷಿಸಿ ಪಾಸಾದರೆ ಇನ್ನೂ 6 ತಿಂಗಳು ಸಿಗುತ್ತದೆ. ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸಾಫ್ಟ್‌ವೇರ್ ಪ್ಯಾಕೇಜಿಗೂ ಇಂಥದೇ ಚೀಟಿಯೊಂದಿದೆ, ಅದೇ ಡಿಜಿಟಲ್ ಸಹಿ. ಅದಕ್ಕೂ ವಾಯಿದೆಯುಂಟು, ಅದಕ್ಕೂ ನಕಲಿಯ ಕಾಟವುಂಟು.

● ಈ ಸಹಿಗೆ ಎರಡು ಕೀಲಿ ಬೇಕು. ಖಾಸಗಿ ಕೀಲಿಯಿಂದ ಸಹಿ ಹಾಕುವವರು ಸಾಫ್ಟ್‌ವೇರ್ ಹೊರತರುವವರು. ಸಾರ್ವಜನಿಕ ಕೀಲಿಯಿಂದ ಅದನ್ನು ತಾಳೆ ನೋಡುವುದು ನಮ್ಮ ಕಂಪ್ಯೂಟರ್. ಲಿನಕ್ಸ್ ಜಗತ್ತಿನಲ್ಲಿ ಈ ಕೆಲಸಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಜಿಎನ್‌ಯು ಪ್ರೈವಸಿ ಗಾರ್ಡ್ ತಂತ್ರಾಂಶದ 1.0 ಆವೃತ್ತಿ 1999ರಲ್ಲಿ ಬಂತು. ಬರೆದವರು ಜರ್ಮನಿಯ ವರ್ನರ್ ಕಾಖ್.

● ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಯೊಬ್ಬ ತನ್ನ ಲ್ಯಾಪ್‌ಟಾಪಿಗೆ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಂಡಿದ್ದಾನೆ ಎನ್ನೋಣ. ಅವನು ಇಳಿಸಿಕೊಳ್ಳುವ ಒಂದೊಂದು ಪ್ಯಾಕೇಜಿಗೂ ಬೇರೆಬೇರೆ ಸಹಿ ಇರುವುದಿಲ್ಲ! ಸಹಿ ಬೀಳುವುದು ‘ರಿಲೀಸ್’ ಎಂಬ ಒಂದೇ ಕಡತಕ್ಕೆ. ಅದರೊಳಗೆ ಪ್ಯಾಕೇಜುಗಳ ಪಟ್ಟಿಯ ಹ್ಯಾಶ್ (ಕಡತದಿಂದಲೇ ಲೆಕ್ಕಹಾಕಿ ತೆಗೆದ ಗುರುತು), ಆ ಪಟ್ಟಿಯೊಳಗೆ ಪ್ರತಿ ಪ್ಯಾಕೇಜಿನ ಹ್ಯಾಶ್. ತುದಿಯ ಕಡತವೊಂದರಲ್ಲಿ ಒಂದಕ್ಷರ ತಿದ್ದಿದರೂ ಲೆಕ್ಕ ತಪ್ಪಿ ಸಿಕ್ಕಿಬೀಳುತ್ತದೆ. ರೆಡ್‌ಹ್ಯಾಟ್, ಫೆಡೋರಾ ಎಂಬ ಲಿನಕ್ಸ್ ಬಳಗದ ಪದ್ಧತಿ ಬೇರೆ. ಅಲ್ಲಿ ಪ್ರತಿ ಪ್ಯಾಕೇಜಿಗೂ ಸಹಿ.

● ಹಾಗಾಗಿ ಕಡತ ಯಾವ ಸರ್ವರಿನಿಂದ ಬಂತು ಎಂಬುದು ಅಷ್ಟು ದೊಡ್ಡ ವಿಷಯವಲ್ಲ. ಆದರೆ ಕಳ್ಳನೊಬ್ಬ ಸಹಿ ಅಸಲಿಯಾಗಿಯೇ ಇರುವ ಹಳೆಯ ಪಟ್ಟಿಯನ್ನು ಕೊಟ್ಟು, ಸರಿಪಡಿಸಿದ ದೋಷವನ್ನೇ ಮತ್ತೆ ಗಂಟುಹಾಕಬಹುದಲ್ಲ? ಅದಕ್ಕೆಂದೇ ‘ಇಂಥ ದಿನದವರೆಗೆ ಮಾತ್ರ ಸಿಂಧು’ ಎಂಬ ಸಾಲೊಂದನ್ನು ಡೆಬಿಯನ್ ಎಂಬ ಲಿನಕ್ಸ್ ಬಳಗದಂಥವರು ರಿಲೀಸ್ ಕಡತದಲ್ಲಿ ಸೇರಿಸುತ್ತಾರೆ.

● ಇನ್ನು ನಿಜವಾದ ತಲೆನೋವಿನ ವಿಷಯ. ಹೊರಗಿನ ಕಂಪನಿಯ ಬ್ರೌಸರೋ ಎಡಿಟರೋ ಬೇಕೆಂದರೆ ಆ ಕಂಪನಿಯ ಕೀಲಿಯನ್ನು ನಮ್ಮ ಕಂಪ್ಯೂಟರಿಗೆ ಸೇರಿಸಬೇಕು. ಉಬುಂಟು, ಡೆಬಿಯನ್‌ಗಳಲ್ಲಿ ಬಹುಕಾಲ ಇದನ್ನು ‘ಎಪಿಟಿ-ಕೀ’ ಎಂಬ ಆದೇಶದಿಂದ ಮಾಡುತ್ತಿದ್ದರು. ಒಂದು ಸಾಲು ನಕಲು ಮಾಡಿ ಅಂಟಿಸಿದರೆ ಮುಗಿಯಿತು. ಕುತ್ತು ಇದ್ದದ್ದೂ ಅಲ್ಲೇ. ಹಾಗೆ ಸೇರಿಸಿದ ಕೀಲಿಯನ್ನು ಕಂಪ್ಯೂಟರ್ ಎಲ್ಲದಕ್ಕೂ ನಂಬುತ್ತಿತ್ತು. ಬ್ರೌಸರ್ ಕಂಪನಿಯ ಕೀಲಿ ಕಳ್ಳನ ಕೈಗೆ ಬಿದ್ದರೆ, ಅವನು ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನೇ ಬದಲಿಸುವ ಪ್ಯಾಕೇಜಿಗೆ ಸಹಿ ಹಾಕಿ ದಾಟಿಸಬಹುದಿತ್ತು. ಆಮೇಲೆ ಈ ಆದೇಶ ಬೇಡವೆಂದು, ಪ್ಯಾಕೇಜು ಇಳಿಸುವ ತಂತ್ರಾಂಶವಾದ ಎಪಿಟಿಯೇ ಎಚ್ಚರಿಸತೊಡಗಿತು. ಕೀಲಿಯನ್ನು ಪ್ರತ್ಯೇಕ ಕಡತವಾಗಿ ‘ಕೀರಿಂಗ್ಸ್’ ಎಂಬ ಫೋಲ್ಡರಿನಲ್ಲಿಟ್ಟು, ಆ ಒಂದು ಮೂಲದ ವಿವರದಲ್ಲಿ ಮಾತ್ರ ‘ಸೈನ್ಡ್-ಬೈ’ ಎಂದು ಅದರ ಹೆಸರು ಬರೆಯುವುದು ಸರಿಯಾದ ಕ್ರಮ. ಆಗ ಆ ಮೂಲದ ಪಟ್ಟಿಗೆ ಮಿಕ್ಕ ಕೀಲಿಗಳ ಸಹಿ ನಡೆಯುವುದಿಲ್ಲ, ಈ ಕೀಲಿಗೂ ಬೇರೆ ಮೂಲಗಳ ಮೇಲೆ ಅಧಿಕಾರವಿಲ್ಲ. ಹಳೆಯ ಬ್ಲಾಗುಗಳಲ್ಲಿ ಎಪಿಟಿ-ಕೀ ಇನ್ನೂ ಧಾರಾಳವಾಗಿ ಸಿಗುತ್ತದೆ. ಕಂಡರೆ ಮುಂದಿನ ಪುಟಕ್ಕೆ ಹೋಗಿ.

● ಕೀಲಿಯ ಗುರುತಿಗೆ ಕೊನೆಯ 8 ಅಂಕೆಗಳನ್ನಷ್ಟೇ ನೋಡುವ ರೂಢಿಯೊಂದಿತ್ತು. ಅದೇ 8 ಅಂಕೆ ಬರುವ ಬೇರೆ ಕೀಲಿಯನ್ನು ಯಾರು ಬೇಕಾದರೂ ತಯಾರಿಸಬಹುದೆಂದು 2014ರಲ್ಲಿ ಇಬ್ಬರು ಸಂಶೋಧಕರು ಮಾಡಿಯೇ ತೋರಿಸಿದರು. 2016ರಲ್ಲಿ ಲಿನಕ್ಸ್ ಜನಕ ಲಿನಸ್ ಟೋರ್ವಾಲ್ಡ್ಸ್ ಹೆಸರಿನ ನಕಲಿ ಕೀಲಿಯೂ ಕಂಡುಬಂತು. ಹೋಲಿಸಬೇಕಾದ್ದು ಇಡೀ 40 ಅಂಕೆ-ಅಕ್ಷರಗಳ ಬೆರಳಚ್ಚನ್ನು.

● ಕೀಲಿ ಹುಟ್ಟುವಾಗಲೇ ಎಡವಿದ್ದೂ ಉಂಟು. 2006ರಲ್ಲಿ ಡೆಬಿಯನ್‌ನಲ್ಲಿದ್ದ, ಕೀಲಿ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಿಂದ ಪುಟ್ಟ ಸಂಕೇತ ಭಾಗವೊಂದನ್ನು ತೆಗೆದುಹಾಕಿದ್ದರು. ಕೀಲಿ ಹುಟ್ಟಿಸಲು ಬೇಕಾದ ಯಾದೃಚ್ಛಿಕತೆಯೇ ಅದರಿಂದ ಸತ್ತುಹೋಯಿತು. ಊಹಿಸಲಾಗದಷ್ಟು ಬಗೆಯ ಕೀಲಿ ಬರಬೇಕಾದಲ್ಲಿ, ಒಂದೊಂದು ಬಗೆಗೆ ಬರೀ 32,767 ಸಾಧ್ಯತೆ ಉಳಿಯಿತು. 2008ರ ಮೇ ತಿಂಗಳಲ್ಲಿ ಡೆಬಿಯನ್ ಬಳಗದ ಲುಸಿಯಾನೊ ಬೆಲ್ಲೊ ಪತ್ತೆಹಚ್ಚುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಜಿಎನ್‌ಯು ಪ್ರೈವಸಿ ಗಾರ್ಡ್‌ನಲ್ಲಿ ಮಾಡಿದ ಕೀಲಿಗಳಿಗೆ ಮಾತ್ರ ಏನೂ ಆಗಿರಲಿಲ್ಲ.

● ಜಾಲತಾಣ ಅಸಲಿಯೆಂದು ಬ್ರೌಸರಿಗೆ ತೋರಿಸುವ ಪ್ರಮಾಣಪತ್ರಕ್ಕೂ ಇಂಥದೇ ಸಹಿ ಇರುತ್ತದೆ. ಅಲ್ಲಿ ನಮ್ಮ ದೇಶದ್ದೇ ಒಂದು ಪ್ರಕರಣ. 2014ರ ಜುಲೈ 2ರಂದು ಗೂಗಲ್‌ ಹೆಸರಿನ ಅನಧಿಕೃತ ಪ್ರಮಾಣಪತ್ರಗಳು ಪತ್ತೆಯಾದವು. ಕೊಟ್ಟದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಅದರ ಮೇಲಿದ್ದ ಬೇರು ಪ್ರಮಾಣಪತ್ರ ಭಾರತದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರದು, ಅದನ್ನು ವಿಂಡೋಸ್ ನಂಬುತ್ತಿತ್ತು. ಮರುದಿನವೇ ನಿಯಂತ್ರಕರು ಎನ್‌ಐಸಿಯ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದು ಮಾಡಿದರು. ಫೈರ್‌ಫಾಕ್ಸ್ ಬಳಕೆದಾರರಿಗೆ ಬಿಸಿ ತಟ್ಟಲಿಲ್ಲ, ಏಕೆಂದರೆ ಅದರ ಪಟ್ಟಿಯಲ್ಲಿ ಈ ಬೇರು ಇರಲೇ ಇಲ್ಲ. ಗೂಗಲ್ ಕ್ರೋಮ್ ಆ ಬೇರನ್ನು ಕಿತ್ತೆಸೆಯಲಿಲ್ಲ, ಬೇಲಿ ಹಾಕಿತು: ಸರ್ಕಾರಿ, ಶೈಕ್ಷಣಿಕ ವಿಳಾಸಗಳೂ ಸೇರಿದಂತೆ ಬೆರಳೆಣಿಕೆಯ ಭಾರತೀಯ ವಿಳಾಸಗಳಿಗೆ ಮಾತ್ರ ಅದು ಸಿಂಧು ಎಂದಿತು. ‘ಸೈನ್ಡ್-ಬೈ’ ಮಾಡುವುದೂ ಇದೇ ಕೆಲಸವನ್ನೇ.

● ನಾಡಕಚೇರಿಯಿಂದ ಪಡೆಯುವ ಜಾತಿ-ಆದಾಯ ಪ್ರಮಾಣಪತ್ರಕ್ಕೂ, ಮೊಬೈಲಿಗೆ ಇಳಿಸಿಕೊಳ್ಳುವ ಆಧಾರ್ ಪಿಡಿಎಫ್‌ಗೂ ಡಿಜಿಟಲ್ ಸಹಿ ಇರುತ್ತದೆ. ಕಂಪ್ಯೂಟರಿನಲ್ಲಿ ತೆರೆದಾಗ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡು ಗಾಬರಿಯಾಗಬೇಡಿ. ಪತ್ರ ನಕಲಿ ಎಂದು ಅದರ ಅರ್ಥವಲ್ಲ. ಭಾರತದ ಬೇರು ಕೀಲಿಯನ್ನು ಆ ತಂತ್ರಾಂಶಕ್ಕೆ ಇನ್ನೂ ಯಾರೂ ಪರಿಚಯಿಸಿಲ್ಲ, ಅಷ್ಟೇ. ಇನ್ನೊಂದು ತಮಾಷೆಯೆಂದರೆ, ಪಿಡಿಎಫ್‌ನ ಜೆರಾಕ್ಸ್ ತೆಗೆದ ಕೂಡಲೇ ಆ ಸಹಿಯ ಕೆಲಸ ಮುಗಿಯುತ್ತದೆ. ಕಾಗದದ ಮೇಲೆ ಉಳಿಯುವುದು ಬರೀ ಚಿತ್ರ. ಆದರೂ ನಾವು ಮೂರು ಪ್ರತಿ ತೆಗೆಸುವುದನ್ನು ಬಿಟ್ಟಿಲ್ಲ.

● ಅಧಿಕಾರಿಗಳ ಸಹಿ ಇರುವ ಡೋಂಗಲ್ ಒಳಗಿನ ಖಾಸಗಿ ಕೀಲಿಯನ್ನು ನಕಲು ಮಾಡಿ ಹೊರತೆಗೆಯಲು ಬರುವಂತಿಲ್ಲ. ಅದರ ಹತೋಟಿ ತನ್ನಲ್ಲೇ ಇರುವಂತೆ ಕೀಲಿಯ ಒಡೆಯ ನೋಡಿಕೊಳ್ಳಬೇಕು, ತಪ್ಪಿದರೆ ತಡಮಾಡದೆ ತಿಳಿಸಬೇಕು ಎನ್ನುತ್ತದೆ 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ. ಪಿನ್ ನಂಬರ್ ಬರೆದ ಚೀಟಿ ಡೋಂಗಲ್‌ಗೇ ಅಂಟಿಕೊಂಡಿದ್ದರೆ ಕಾಯ್ದೆ ತಾನೇ ಏನು ಮಾಡೀತು?

● ಕೇರಳದ ಸರ್ಕಾರಿ ಶಾಲೆಗಳು ಉಬುಂಟು ಆಧರಿಸಿದ ಮುಕ್ತ ತಂತ್ರಾಂಶವನ್ನೇ ಬಳಸುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಗೊತ್ತಿಲ್ಲದೆಯೇ ಈ ಕೀಲಿಗಳ ನೆರಳಿನಲ್ಲಿ ಕಲಿಯುತ್ತಿದ್ದಾರೆ.

● ಅಸಲಿ ಸಹಿಯ ವಿಷವೂ ಉಂಟು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ಹುಳುವಿನ ಮೇಲೆ ತೈವಾನ್‌ನ ಎರಡು ಕಂಪನಿಗಳ ಕದ್ದ ಕೀಲಿಗಳ ಸಹಿ ಇತ್ತು. 2024ರ ಮಾರ್ಚ್‌ನಲ್ಲಿ ಪತ್ತೆಯಾದ, ಕಡತ ಕುಗ್ಗಿಸುವ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶದ ಪ್ರಕರಣದಲ್ಲಿ ಕದಿಯುವ ಪ್ರಮೇಯವೂ ಬರಲಿಲ್ಲ. ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿ ನಿರ್ವಾಹಕನಾದವನೇ ಹಿಂಬಾಗಿಲು ತೆರೆದು, ತನ್ನದೇ ಕೀಲಿಯಿಂದ ಸಹಿ ಹಾಕಿದ್ದ. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ತಲೆಕೆಡಿಸಿಕೊಂಡ ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು.

● ಆಂಡ್ರಾಯ್ಡ್ ಫೋನಿನಲ್ಲಿ ಸಹಿಯಿಲ್ಲದ ಆ್ಯಪ್ ಕೂರುವುದೇ ಇಲ್ಲ. ಹಾಗಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಪಿಎಂ ಕಿಸಾನ್’ ಹೆಸರಿನ ನಕಲಿ ಎಪಿಕೆ ಕಡತ ಹೇಗೆ ಕೂರುತ್ತದೆ? ಅದಕ್ಕೂ ಸಹಿ ಇದೆ, ಕಳ್ಳನದು! ತಾನೇ ಮಾಡಿಕೊಂಡ ಕೀಲಿಯಿಂದ ಸಹಿ ಹಾಕಲು ಆಂಡ್ರಾಯ್ಡ್‌ನಲ್ಲಿ ಅಡ್ಡಿಯಿಲ್ಲ. ಸಹಿಯನ್ನು ಫೋನ್ ಹೋಲಿಸುವುದು ಮುಖ್ಯವಾಗಿ ಅಪ್‌ಡೇಟ್ ಮಾಡುವಾಗ: ಮೊದಲು ಹಾಕಿದವನೇ ಈಗಲೂ ಹಾಕಿದ್ದಾನೆಯೇ ಎಂದು. ಆ ಮೊದಲನೆಯವನು ಯಾರೆಂದು ಅದು ಕೇಳುವುದಿಲ್ಲ.