ಸೂರಿನಡಿಯ ಸಸಿ: ಕಾಯಲಾಗದ ಸರಕಿನ ವ್ಯಾಪಾರ

ಮಾರಾಟವಾಗದೆ ಉಳಿದ ಸರಕನ್ನು ಗೋದಾಮಿನಲ್ಲಿರಿಸಿ ಉತ್ತಮ ಧಾರಣೆಗಾಗಿ ಕಾಯುವುದು ವರ್ತಕರ ಹಳೆಯ ರೂಢಿ. ಬೆಲ್ಲ, ಅಡಿಕೆ, ಕೊಬ್ಬರಿ, ಒಣಮೆಣಸಿನಕಾಯಿ ಮುಂತಾದವುಗಳ ವಹಿವಾಟು ಬಹುಮಟ್ಟಿಗೆ ಈ ಕಾಯುವಿಕೆಯ ಮೇಲೆಯೇ ನಿಂತಿದೆ. ತರಕಾರಿ ಸಸಿಗಳ ವ್ಯಾಪಾರದಲ್ಲಿ ಮಾತ್ರ ಈ ಸೌಕರ್ಯವಿಲ್ಲ. ಬಿತ್ತಿದ ಇಪ್ಪತ್ತೈದನೆಯ ದಿನದ ಸುಮಾರಿಗೆ ನಾಟಿಗೆ ಸಿದ್ಧವಾಗುವ ಟೊಮ್ಯಾಟೊ ಸಸಿಯನ್ನು ಇನ್ನೆರಡು ವಾರ ತಟ್ಟೆಯಲ್ಲೇ ಉಳಿಸಿಕೊಂಡರೆ ಬೇರು ಗುಳಿಯೊಳಗೆ ಸುರುಳಿ ಸುತ್ತಿಕೊಳ್ಳುತ್ತದೆ, ಕಾಂಡ ಗಡುಸಾಗುತ್ತದೆ, ಕೆಳಗಿನ ಎಲೆಗಳು ಹಳದಿಗೆ ತಿರುಗುತ್ತವೆ. ಅಂತಹ ಸಸಿಯನ್ನು ಬಲ್ಲ ರೈತನು ಕೊಳ್ಳುವುದಿಲ್ಲ. ನಿನ್ನೆಯವರೆಗೆ ಸರಕಾಗಿದ್ದುದು ಇಂದು ಗೊಬ್ಬರದ ಗುಂಡಿಗೆ ಸೇರುತ್ತದೆ.

ಆದರೂ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳಲ್ಲಿ ನೆರಳು ಪರದೆಯ ಮನೆಗಳಡಿ ಸಸಿ ಬೆಳೆಸಿ ಮಾರುವುದು ಒಂದು ಸ್ವತಂತ್ರ ಉದ್ಯಮವಾಗಿ ಬೆಳೆದಿದೆ. ತಟ್ಟೆ, ಪರದೆ, ನಾರಿನ ಪುಡಿ, ನೀರಾವರಿ ಸಾಧನಗಳನ್ನು ಪೂರೈಸುವ ಸಣ್ಣ ಕೈಗಾರಿಕೆಗಳು ಅದರ ಬೆನ್ನಿಗಿವೆ. ಹೊರಗಿನಿಂದ ನೋಡುವವರಿಗೆ ಇದು ತೋಟಗಾರಿಕೆಯಂತೆ ಕಂಡರೂ, ಒಳಹೊಕ್ಕು ನೋಡಿದರೆ ಇದು ಕಾಲಪಟ್ಟಿಗೆ ಕಟ್ಟುಬಿದ್ದ ತಯಾರಿಕೆಯೇ ಸರಿ.

ಬೀಜ ದುಬಾರಿಯಾದ ಮೇಲೆ

ಹಿಂದೆ ಪ್ರತಿಯೊಬ್ಬ ಬೆಳೆಗಾರನೂ ತನ್ನ ಹೊಲದ ಮೂಲೆಯಲ್ಲಿ ಏರುಮಡಿ ಮಾಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಬೀಜ ಚೆಲ್ಲಿ, ಹುಲ್ಲು ಹೊದಿಸಿ ಸಸಿ ಎಬ್ಬಿಸಿಕೊಳ್ಳುತ್ತಿದ್ದನು. ಹತ್ತು ಬೀಜಗಳಲ್ಲಿ ನಾಲ್ಕು ಹಾಳಾದರೂ ಚಿಂತೆಯಿರಲಿಲ್ಲ, ಬೀಜ ಮನೆಯದು. ಈ ಲೆಕ್ಕವನ್ನು ಬದಲಿಸಿದ್ದು ಸಂಕರಣ ಬೀಜ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯು 1973ರಲ್ಲಿ ‘ಕರ್ನಾಟಕ’ ಎಂಬ ಸಂಕರಣ ಟೊಮ್ಯಾಟೊವನ್ನೂ ‘ಭಾರತ್’ ಎಂಬ ಸಂಕರಣ ದೊಣ್ಣೆ ಮೆಣಸಿನಕಾಯಿಯನ್ನೂ ಮಾರುಕಟ್ಟೆಗೆ ತಂದಿತು. ಅಲ್ಲಿಂದ ಮುಂದೆ ಬೀಜವೆಂಬುದು ಕಿಲೋಗಳಿಂದ ಗ್ರಾಂಗಳಿಗೆ, ಗ್ರಾಂಗಳಿಂದ ಎಣಿಕೆಗೆ ಇಳಿಯಿತು. ರಾಣೆಬೆನ್ನೂರಿನ ಸುತ್ತಮುತ್ತ ಕೈಯಿಂದ ಪರಾಗಸ್ಪರ್ಶ ಮಾಡಿ ತೆಗೆಯುವ ಇಂತಹ ಬೀಜದ ಒಂದೊಂದು ಕಾಳಿಗೂ ಬೆಲೆಯಿದೆ. ಬೆಲೆಯುಳ್ಳ ಕಾಳನ್ನು ಏರುಮಡಿಯಲ್ಲಿ ಚೆಲ್ಲಲಾಗದು. ಒಂದು ಕಾಳಿಗೆ ಒಂದು ಗುಳಿ ಎಂಬ ಪ್ರೋಟ್ರೇ ಪದ್ಧತಿ ಬೇರೂರಿದ್ದು ಈ ಕಾರಣದಿಂದ.

ಪ್ರೋಟ್ರೇ ಎಂದರೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿಗೆ ಎಳೆದು ಮಾಡಿದ ಗುಳಿಗಳ ತಟ್ಟೆ. ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಕೋಸುಗಳಿಗೆ 98 ಗುಳಿಗಳ ತಟ್ಟೆ ಸಾಮಾನ್ಯ. ಕಲ್ಲಂಗಡಿ, ಸೌತೆಗಳಿಗೆ ಹಾಗೂ ಕಬ್ಬಿನ ಕಣ್ಣಿನ ಸಸಿಗಳಿಗೆ ದೊಡ್ಡ ಗುಳಿಗಳ ತಟ್ಟೆ ಬೇಕು. ಸಾಲಿನಿಂದ ಸಾಲಿಗೆ ನಾಲ್ಕು ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರವಿಟ್ಟು ಟೊಮ್ಯಾಟೊ ನೆಟ್ಟರೆ ಎಕರೆಗೆ 7,260 ಗಿಡಗಳು ಹಿಡಿಯುತ್ತವೆ. ಸಾಯುವ ಸಸಿಗಳಿಗೆ ಬದಲಿಯನ್ನೂ ಸೇರಿಸಿ 80 ತಟ್ಟೆಗಳು ಸಾಕು. ಈ 80 ತಟ್ಟೆಗಳು ಆಕ್ರಮಿಸುವ ಸ್ಥಳ ಸುಮಾರು 130 ಚದರ ಅಡಿ. ಅಂದರೆ ಒಂದು ಎಕರೆಯ ಬೆಳೆಯು ತನ್ನ ಮೊದಲ ಇಪ್ಪತ್ತೈದು ದಿನಗಳನ್ನು ಸಾಧಾರಣ ಮನೆಯ ಒಂದು ಕೋಣೆಯಷ್ಟು ಜಾಗದಲ್ಲಿ ಕಳೆಯುತ್ತದೆ. ಇಷ್ಟು ಚಿಕ್ಕ ಜಾಗವನ್ನು ಪರದೆ ಕಟ್ಟಿ ಕಾಯುವುದು ಸುಲಭ. ಎಕರೆಯನ್ನು ಕಾಯುವುದು ಅಸಾಧ್ಯ. ಈ ಉದ್ಯಮದ ಲಾಭದ ಗುಟ್ಟು ಇಲ್ಲಿದೆ.

ಮಣ್ಣೋ ನಾರಿನ ಪುಡಿಯೋ

ಹೊಸದಾಗಿ ಈ ಉದ್ಯಮಕ್ಕೆ ಇಳಿಯುವವರು ಕೇಳುವ ಮೊದಲ ಪ್ರಶ್ನೆ, ತಟ್ಟೆಗೆ ಹೊಲದ ಮಣ್ಣನ್ನೇ ಏಕೆ ತುಂಬಬಾರದು ಎಂಬುದು. ಮಣ್ಣು ಪುಕ್ಕಟೆ, ಪುಡಿಗೆ ಹಣ ಕೊಡಬೇಕು, ಪ್ರಶ್ನೆ ಸಹಜವೇ. ಉತ್ತರ ನೀರಿನ ನಡವಳಿಕೆಯಲ್ಲಿದೆ. ಹೊಲದಲ್ಲಿ ಹೆಚ್ಚಾದ ನೀರು ಆಳಕ್ಕೆ ಇಳಿದುಹೋಗುತ್ತದೆ. ನಾಲ್ಕೈದು ಸೆಂಟಿಮೀಟರ್ ಆಳದ ಗುಳಿಯಲ್ಲಿ ಇಳಿಯಲು ಆಳವೇ ಇಲ್ಲ; ತಳದಲ್ಲಿ ತೂತಿದ್ದರೂ ನುಣುಪು ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಂಡು ಕೆಸರಾಗುತ್ತದೆ. ಬೇರಿಗೆ ಗಾಳಿ ಸಿಗದು. ಅದರ ಜೊತೆಗೆ ಪಿಥಿಯಂ, ರೈಜೋಕ್ಟೋನಿಯಾಗಳಂತಹ ಶಿಲೀಂಧ್ರಗಳು ಹೊಲದ ಮಣ್ಣಿನೊಂದಿಗೇ ಬರುತ್ತವೆ. ಸಂಜೆ ನೆಟ್ಟಗಿದ್ದ ಸಸಿ ಬೆಳಗಾಗುವಷ್ಟರಲ್ಲಿ ಬುಡದಲ್ಲಿ ನೀರುಗಟ್ಟಿ ಮುರಿದು ಮಲಗಿರುತ್ತದೆ. ಬುಡ ಕೊಳೆಯುವ ಈ ರೋಗ ಒಂದು ಗುಳಿಯಿಂದ ಆರಂಭವಾಗಿ ಎರಡು ದಿನಗಳಲ್ಲಿ ತಟ್ಟೆಗಟ್ಟಲೆ ಹಬ್ಬುತ್ತದೆ. ಮಣ್ಣನ್ನೇ ಬಳಸುವುದಾದರೆ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಒದ್ದೆ ಮಣ್ಣಿಗೆ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ ವಾರಗಟ್ಟಲೆ ಕಾಯಿಸಬೇಕು, ಮರಳು ಮತ್ತು ಮಾಗಿದ ಗೊಬ್ಬರ ಬೆರೆಸಿ ಸಡಿಲಗೊಳಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ಮಣ್ಣು ಪುಕ್ಕಟೆಯಾಗಿ ಉಳಿಯುವುದಿಲ್ಲ. ತೂಕವೂ ಹೆಚ್ಚು, ಸಾಗಾಣಿಕೆಯ ವಾಹನಕ್ಕೆ ಅದೊಂದು ಹೊರೆ.

ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿಯೇ ಕೋಕೋಪೀಟ್. ತಿಪಟೂರು, ಅರಸೀಕೆರೆ, ಗುಬ್ಬಿ, ತುರುವೇಕೆರೆಗಳ ತೆಂಗು ಸೀಮೆಯಲ್ಲಿ ನಾರಿನ ಘಟಕಗಳ ಹಿಂದೆ ಬೇಡದ ಗುಡ್ಡೆಯಾಗಿ ಬಿದ್ದಿರುತ್ತಿದ್ದ ಈ ಪುಡಿ ಇಂದು ನಾರಿನಷ್ಟೇ ಗೌರವ ಪಡೆದ ಸರಕು. ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿಕೊಂಡೂ ನಡುವೆ ಗಾಳಿಗೆ ಎಡೆ ಬಿಡುವುದು ಇದರ ಗುಣ. ಒತ್ತಿ ಕಟ್ಟಿದ ಐದು ಕಿಲೋ ಇಟ್ಟಿಗೆ ನೀರು ಕುಡಿದು ಸುಮಾರು 70 ಲೀಟರ್‌ನಷ್ಟು ಪುಡಿಯಾಗಿ ಅರಳುತ್ತದೆ. ಒದ್ದೆ ಮಾಡಿದ ಪುಡಿ 98 ಗುಳಿಗಳ ತಟ್ಟೆಯೊಂದಕ್ಕೆ ಸುಮಾರು 1.2 ಕಿಲೋ ಬೇಕಾಗುತ್ತದೆ.

ಆದರೆ ಇದರಲ್ಲಿಯೂ ಮೋಸವಿದೆ, ಮತ್ತು ಈ ಮೋಸ ಕಣ್ಣಿಗೆ ಕಾಣುವುದಿಲ್ಲ. ಹಸಿ ಪುಡಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್ ಲವಣಗಳು ಧಾರಾಳವಾಗಿರುತ್ತವೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯದ ಪುಡಿಯಲ್ಲಿ ಮೊಳಕೆ ಬಂದರೂ ಎಲೆಯ ಅಂಚು ಸುಟ್ಟು, ಬೆಳವಣಿಗೆ ಕುಂಠಿತವಾಗುತ್ತದೆ. ಇನ್ನೊಂದು ಕೊರತೆ, ಕಳಿಯದ ಪುಡಿಯಲ್ಲಿ ಇಂಗಾಲದ ಪ್ರಮಾಣ ಅತಿಯಾಗಿದ್ದು ಸಸಿಗೆ ಹಾಕಿದ ಸಾರಜನಕವನ್ನು ಪುಡಿಯಲ್ಲಿನ ಸೂಕ್ಷ್ಮಜೀವಿಗಳೇ ಕಬಳಿಸುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ‘ಅರ್ಕಾ’ ಹೆಸರಿನಲ್ಲಿ ಹುದುಗಿಸಿದ ಕೋಕೋಪೀಟ್‌ನ ತಂತ್ರಜ್ಞಾನವನ್ನು ರೂಪಿಸಿದ್ದು ಈ ಕೊರತೆಯನ್ನು ನೀಗಲೆಂದೇ. ಲವಣ ಅಳೆಯುವ ಕೈ ಮೀಟರಿನ ಬೆಲೆ, ಒಂದು ಬಾರಿ ಹಾಳಾಗುವ ಬೀಜದ ಬೆಲೆಯ ಮುಂದೆ ಏನೇನೂ ಅಲ್ಲ. ಹೀಗಿದ್ದೂ ಪುಡಿಯನ್ನು ಬಣ್ಣ ನೋಡಿ, ಮುಷ್ಟಿಯಲ್ಲಿ ಹಿಂಡಿ ನೋಡಿ ಕೊಳ್ಳುವವರೇ ಹೆಚ್ಚು. ಪುಡಿ ತಯಾರಿಸುವ ಘಟಕಗಳು ಪ್ರತಿ ರವಾನೆಯೊಂದಿಗೆ ಲವಣಾಂಶದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡುವ ಪದ್ಧತಿಯನ್ನು ಇನ್ನಾದರೂ ಸಾರ್ವತ್ರಿಕಗೊಳಿಸುವುದು ಒಳ್ಳೆಯದು. ರಫ್ತು ಮಾಡುವಾಗ ಕೊಡುವ ಪ್ರಮಾಣವನ್ನು ಒಳನಾಡಿನ ಗಿರಾಕಿಗೆ ಕೊಡದಿರಲು ಕಾರಣವಿಲ್ಲ. ನಾರು ಮಂಡಳಿಯ ತಂತ್ರಜ್ಞಾನ ಸಂಸ್ಥೆಯು ಬೆಂಗಳೂರಿನ ಪೀಣ್ಯದಲ್ಲಿಯೇ ಇರುವುದನ್ನು ನಮ್ಮ ತೆಂಗು ಸೀಮೆಯ ಉದ್ಯಮಿಗಳು ನೆನಪಿನಲ್ಲಿಡಬಹುದು.

ಕತ್ತಲೆಯ ನಾಲ್ಕು ದಿನ

ತುಂಬಿದ ತಟ್ಟೆಯ ಪ್ರತಿ ಗುಳಿಯಲ್ಲೂ ಅರ್ಧ ಸೆಂಟಿಮೀಟರ್ ಆಳಕ್ಕೆ ಒಂದೊಂದು ಬೀಜವಿಟ್ಟು, ಮೇಲೆ ಪುಡಿ ಮುಚ್ಚಿ, ಹತ್ತು ಹತ್ತು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಪಾಲಿಥೀನ್ ಹಾಳೆ ಹೊದಿಸಲಾಗುತ್ತದೆ. ಒಳಗೆ ಕಾವು ಮತ್ತು ತೇವ ಒಂದೇ ಸಮನಾಗಿ ನಿಲ್ಲುವುದರಿಂದ ಮೊಳಕೆ ಏಕಕಾಲಕ್ಕೆ ಬರುತ್ತದೆ. ಪುಡಿಯನ್ನು ಮೊದಲೇ ಹದವಾಗಿ ತೋಯಿಸಿದ್ದರೆ ಈ ಅವಧಿಯಲ್ಲಿ ನೀರು ಹಾಕುವ ಅಗತ್ಯವಿಲ್ಲ. ಕೋಸು ಎರಡು ಮೂರು ದಿನಕ್ಕೆ, ಟೊಮ್ಯಾಟೊ ನಾಲ್ಕೈದು ದಿನಕ್ಕೆ ಮೊಳೆಯುತ್ತದೆ. ದೊಣ್ಣೆ ಮೆಣಸಿನಕಾಯಿಗೆ ಇನ್ನೂ ತಾಳ್ಮೆ ಬೇಕು.

ಇಡೀ ಕೆಲಸದಲ್ಲಿ ಅನುಭವಿಯನ್ನೂ ಹೊಸಬನನ್ನೂ ಬೇರ್ಪಡಿಸುವ ಘಟ್ಟ ಇದೇ. ಮೊಳಕೆಯ ಬಿಳಿ ಕೊಕ್ಕೆ ಅಲ್ಲಲ್ಲಿ ಕಂಡೊಡನೆ ತಟ್ಟೆಗಳನ್ನು ಬಿಡಿಸಿ ಬೆಳಕಿಗೆ ಹರಡಬೇಕು. ಭಾನುವಾರವೆಂದೋ ಹಬ್ಬವೆಂದೋ ಒಂದು ದಿನ ತಡವಾದರೆ ಸಸಿಗಳು ಕತ್ತಲೆಯಲ್ಲಿ ಬೆಳಕನ್ನು ಅರಸುತ್ತ ದಾರದಂತೆ ಉದ್ದವಾಗಿ ಎಳೆದುಕೊಳ್ಳುತ್ತವೆ. ಹಾಗೆ ಒಮ್ಮೆ ಎಳೆದುಕೊಂಡ ಕಾಂಡವನ್ನು ಯಾವ ಔಷಧಿಯೂ ಗಿಡ್ಡ ಮಾಡಲಾರದು. ಒಂದು ದಿನ ಮೊದಲೇ ತೆಗೆದರೆ ನಷ್ಟ ಅಲ್ಪ, ಒಂದು ದಿನ ತಡವಾದರೆ ನಷ್ಟ ಪೂರ್ಣ. ಆದ್ದರಿಂದಲೇ ಹಳೆಯ ಸಸ್ಯಾಗಾರಗಳಲ್ಲಿ ಪೇರಿಕೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಳೆ ಎತ್ತಿ ನೋಡಲು ಒಬ್ಬರನ್ನೇ ಹೊಣೆ ಮಾಡಿರುತ್ತಾರೆ.

ಮುಂದಿನ ಮೂರು ವಾರಗಳು ಪರದೆಯ ಮನೆಯಲ್ಲಿ ಕಳೆಯುತ್ತವೆ. ಮೇಲೆ ಅರ್ಧ ಬಿಸಿಲನ್ನು ತಡೆಯುವ ನೆರಳು ಪರದೆ, ಸುತ್ತಲೂ 40ರಿಂದ 50 ಮೆಷ್‌ನ ಕೀಟ ಪರದೆ. ಈ ಸುತ್ತಲಿನ ಪರದೆಯೇ ಮುಖ್ಯ. ಟೊಮ್ಯಾಟೊ ಎಲೆ ಮುಟುರು ರೋಗದ ನಂಜಾಣುವನ್ನು ಹೊತ್ತು ತರುವ ಬಿಳಿನೊಣ ಎಳೆಯ ಸಸಿಯನ್ನು ಮುಟ್ಟಿತೆಂದರೆ ರೋಗ ಕಾಣಿಸುವುದು ನಾಟಿಯಾದ ಬಳಿಕ, ರೈತನ ಹೊಲದಲ್ಲಿ. ಮಾರುವಾಗ ಸಸಿ ಹಸಿರಾಗಿಯೇ ಇರುತ್ತದೆ. ಪರದೆಯಲ್ಲಿನ ಒಂದು ಹರಕು, ತೆರೆದೇ ಉಳಿದ ಒಂದು ಬಾಗಿಲು ಇಡೀ ತಂಡದ ಹೆಸರನ್ನು ಕೆಡಿಸಬಲ್ಲದು. ಎರಡು ಬಾಗಿಲುಗಳ ಪ್ರವೇಶ ಕೋಣೆ ಕಟ್ಟಿಸುವುದು ಹೆಚ್ಚುವರಿ ಖರ್ಚೆಂದು ಭಾವಿಸುವವರು ಈ ಮಾತನ್ನು ಗಮನಿಸಬೇಕು.

ಬಿತ್ತಿದ ಹನ್ನೆರಡನೆಯ ದಿನ ಹಾಗೂ ಇಪ್ಪತ್ತನೆಯ ದಿನ 19:19:19 ಗೊಬ್ಬರವನ್ನು ಲೀಟರಿಗೆ 3 ಗ್ರಾಂನಂತೆ ಕರಗಿಸಿ ಸಿಂಪಡಿಸುವುದು ರೂಢಿ. ಕೊನೆಯ ವಾರದಲ್ಲಿ ನೀರು ಕಡಿಮೆ ಮಾಡಿ, ನೆರಳು ಸರಿಸಿ ಸಸಿಯನ್ನು ಹೊರಗಿನ ಬಿಸಿಲಿಗೆ ಒಗ್ಗಿಸಲಾಗುತ್ತದೆ. ತಟ್ಟೆಗಳನ್ನು ಮರುಬಳಸುವಾಗ ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ತೊಳೆಯದಿದ್ದರೆ ಹಿಂದಿನ ತಂಡದ ರೋಗ ಮುಂದಿನದಕ್ಕೆ ದಾಟುತ್ತದೆ.

ಮುಂಗಡವಿಲ್ಲದ ಬೇಡಿಕೆ

ವ್ಯಾಪಾರದಲ್ಲಿ ಎರಡು ಬಗೆಯಿವೆ. ರೈತನು ತಾನೇ ಬೀಜ ತಂದುಕೊಟ್ಟರೆ ಸಸಿಯೊಂದಕ್ಕೆ ಇಂತಿಷ್ಟೆಂದು ಬೆಳೆಸಿದ ಕೂಲಿ ಪಡೆಯುವುದು ಒಂದು. ಸಸ್ಯಾಗಾರವೇ ಬೀಜ ಹಾಕಿ ಸಸಿಯನ್ನು ಮಾರುವುದು ಇನ್ನೊಂದು. ಎರಡನೆಯದರಲ್ಲಿ ಲಾಭ ಹೆಚ್ಚು, ಗಂಡಾಂತರವೂ ಹೆಚ್ಚು. 2023ರ ಜುಲೈ ತಿಂಗಳಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕಿಲೋ ಟೊಮ್ಯಾಟೊ ಕ್ರೇಟಿನ ಧಾರಣೆ 2,000 ರೂಪಾಯಿ ದಾಟಿತು. ಸೆಪ್ಟೆಂಬರ್ ವೇಳೆಗೆ ಅದೇ ಧಾರಣೆ ಕುಸಿದುಹೋಗಿತ್ತು. ಜುಲೈ ನಡುವಿನಲ್ಲಿ ಬಿತ್ತಿದ ಬೀಜ ಸಸಿಯಾಗುವುದು ಆಗಸ್ಟ್ ನಡುವಿನಲ್ಲಿ. ಅದು ಹಣ್ಣು ಕೊಡುವುದು ಅಕ್ಟೋಬರಿನಲ್ಲಿ. ಧಾರಣೆ ನೋಡಿ ಸಸಿಗೆ ಹೇಳುವವನು ಸಸಿ ಸಿದ್ಧವಾಗುವಷ್ಟರಲ್ಲಿ ಮನಸ್ಸು ಬದಲಿಸಿದರೆ ಆತನನ್ನು ದೂರಿ ಫಲವಿಲ್ಲ. ನಷ್ಟ ಮಾತ್ರ ಬಿತ್ತಿದವನದು. ಬೀಜದ ಪೂರ್ಣ ಬೆಲೆಯನ್ನಾದರೂ ಮುಂಗಡವಾಗಿ ಪಡೆಯದೆ ಬಿತ್ತನೆ ಮಾಡಬಾರದೆಂಬ ನಿಯಮ ಕಠಿಣವೆನಿಸಿದರೂ, ಪರಿಚಯದ ದಾಕ್ಷಿಣ್ಯಕ್ಕೆ ಅದನ್ನು ಸಡಿಲಿಸಿದವರ ತಟ್ಟೆಗಳೇ ಕೊನೆಗೆ ಉಳಿಯುವುದು.

ಇದಕ್ಕಿಂತ ದೊಡ್ಡ ಅಪಾಯ ಕಾನೂನಿನದು. 1966ರ ಬೀಜ ಕಾಯ್ದೆಯ ವ್ಯಾಖ್ಯೆಯು ಆಹಾರ ಬೆಳೆಗಳ ಸಸಿಗಳನ್ನೂ ‘ಬೀಜ’ವೆಂಬ ಪದದೊಳಗೆ ಸೇರಿಸಿದೆ ಎಂಬುದು ಅನೇಕ ಸಸಿ ವ್ಯಾಪಾರಿಗಳಿಗೆ ತಿಳಿಯದು. ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ 2012ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ದೋಷಯುಕ್ತ ಬೀಜ ಕೊಂಡ ರೈತನು ಗ್ರಾಹಕನೇ ಆಗಿದ್ದು ಗ್ರಾಹಕ ವೇದಿಕೆಯಲ್ಲಿ ಪರಿಹಾರ ಕೇಳಬಹುದೆಂದು ಸ್ಪಷ್ಟಪಡಿಸಿತು. ಸಸಿ ಬೇರೆ ತಳಿಯದೆಂದು ಗೊತ್ತಾಗುವುದು ಕಾಯಿ ಬಿಟ್ಟ ಮೇಲೆ, ಅಂದರೆ ಮಾರಾಟವಾಗಿ ಎರಡು ತಿಂಗಳ ನಂತರ. ಅಷ್ಟರಲ್ಲಿ ಬೀಜದ ಪೊಟ್ಟಣ ಕಸಕ್ಕೆ ಸೇರಿರುತ್ತದೆ, ತಟ್ಟೆಯಲ್ಲಿ ಬೇರೊಂದು ತಂಡ ಬೆಳೆಯುತ್ತಿರುತ್ತದೆ. ತಪ್ಪು ಬೀಜದ ಕಂಪನಿಯದೋ, ಮಾರಿದ ಅಂಗಡಿಯದೋ, ಸಸ್ಯಾಗಾರದಲ್ಲಿ ತಟ್ಟೆ ಅದಲುಬದಲಾದದ್ದೋ ಎಂಬುದನ್ನು ಸಾಧಿಸಲು ದಾಖಲೆಯೇ ಇರುವುದಿಲ್ಲ. ರಸೀದಿಯಲ್ಲಿ ತಳಿಯ ಹೆಸರು, ಬೀಜದ ಲಾಟ್ ಸಂಖ್ಯೆ, ಬಿತ್ತಿದ ದಿನಾಂಕ, ಕೊಟ್ಟ ದಿನಾಂಕ ಈ ನಾಲ್ಕನ್ನು ಬರೆದು, ಖಾಲಿ ಪೊಟ್ಟಣವನ್ನೂ ಬೀಜ ಕೊಂಡ ಬಿಲ್ಲನ್ನೂ ಬೆಳೆ ಮುಗಿಯುವವರೆಗೆ ಕಾದಿರಿಸುವುದಕ್ಕೆ ಖರ್ಚೇನೂ ಇಲ್ಲ. ರೈತನೇ ಬೀಜ ತಂದಿದ್ದರೆ ಆ ಸಂಗತಿಯನ್ನೂ ಬರೆದು ಸಹಿ ಪಡೆಯುವುದು ಕ್ಷೇಮ.

ಕಸಿ ಮಾಡಿದ ಸಸಿ

ದುಂಡಾಣು ಸೊರಗು ರೋಗದಿಂದ ಟೊಮ್ಯಾಟೊ ಬೆಳೆಯುವುದನ್ನೇ ಬಿಟ್ಟ ಹೊಲಗಳಿಗೆ ಈಗ ಬದನೆ ಅಥವಾ ಸುಂಡೆಯ ಬೇರಿನ ಮೇಲೆ ಟೊಮ್ಯಾಟೊ ಕಸಿ ಕಟ್ಟಿದ ಸಸಿ ಬರುತ್ತಿದೆ. ಎರಡು ಬೀಜ, ಎರಡು ಗುಳಿ, ಕತ್ತರಿಸಿ ಜೋಡಿಸುವ ನುರಿತ ಕೈ, ಗಾಯ ಮಾಯುವವರೆಗೆ ತೇವವೂ ಮಂದ ಬೆಳಕೂ ಇರುವ ಮುಚ್ಚಿದ ಕೋಣೆ ಇವೆಲ್ಲ ಬೇಕಾಗುವುದರಿಂದ ಅದರ ಬೆಲೆ ಸಾಮಾನ್ಯ ಸಸಿಯ ಹಲವು ಪಟ್ಟು. ಬೇರಿನ ಗಿಡ ನಿಧಾನವಾಗಿ ಬೆಳೆಯುವ ಕಾರಣ ಅದನ್ನು ಮುಂಚಿತವಾಗಿ ಬಿತ್ತಬೇಕು. ಎರಡರ ಕಾಂಡವೂ ಒಂದೇ ದಪ್ಪಕ್ಕೆ ಒಂದೇ ದಿನ ಬರದಿದ್ದರೆ ಜೋಡಣೆ ಹಿಡಿಯದು. ಕಸಿ ಹಿಡಿದ ಸಸಿಯನ್ನು ನೆಡುವಾಗ ಜೋಡಣೆಯ ಭಾಗ ಮಣ್ಣಿನಿಂದ ಮೇಲೆಯೇ ಇರಬೇಕು. ಹೂತುಹೋದರೆ ಮೇಲಿನ ಟೊಮ್ಯಾಟೊ ಕಾಂಡವೇ ಬೇರು ಬಿಟ್ಟು ರೋಗವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಕೊಟ್ಟ ಹೆಚ್ಚುವರಿ ಬೆಲೆ ವ್ಯರ್ಥವಾಗುತ್ತದೆ. ಸಸಿಯೊಂದಿಗೆ ಈ ಸೂಚನೆಯನ್ನೂ ಕನ್ನಡದಲ್ಲಿ ಮುದ್ರಿಸಿ ಕೊಡುವ ಹೊಣೆ ಮಾರುವವರದೇ.