ಯಾರ ಮನೆಯದೋ ಆ ಟೆಲಿಗ್ರಾಂ?

ಹೈಸ್ಕೂಲಿನಿಂದಲೂ ನನಗೆ ಅಂಚೆಚೀಟಿ ಸಂಗ್ರಹಿಸುವ ಹುಚ್ಚು. ಬಿ.ಇ. ಸೇರಿದ ಮೇಲೆ ಅದರ ಜೊತೆಗೆ ಪಾಕೆಟ್ ಮನಿಯ ಆಸೆಯೂ ಸೇರಿಕೊಂಡಿತು. ಗುಜರಿ ಅಂಗಡಿಯಿಂದ ಹಳೆ ಕಾಗದದ ಕಟ್ಟು ತರುವುದು, ಒಳ್ಳೆಯದನ್ನು ಆರಿಸಿ ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಮಾರುವುದು. ಕಳೆದ ಸೆಮಿಸ್ಟರ್‌ನ ಪರೀಕ್ಷಾ ಶುಲ್ಕದಲ್ಲಿ ಅರ್ಧ ಹೀಗೇ ಹೊಂದಿಸಿದ್ದು.

ಒಮ್ಮೆ 100 ರೂಪಾಯಿಗೆ ತಂದ ಕಟ್ಟಿನಲ್ಲಿ ಮೂರು ಟೆಲಿಗ್ರಾಂ ಸಿಕ್ಕವು. ಮೂರೂ ಒಂದೇ ವಿಳಾಸಕ್ಕೆ ಬಂದವು. ಒಂದು ಮದುವೆಯ ಶುಭಾಶಯ. ಇನ್ನೊಂದರಲ್ಲಿ 'ಫಾದರ್ ಸೀರಿಯಸ್, ಸ್ಟಾರ್ಟ್ ಇಮಿಡಿಯೇಟ್ಲಿ' ಎಂದಿತ್ತು. ಮರುದಿನದ ತಾರೀಖಿನದರಲ್ಲಿ 'ಫಾದರ್ ಎಕ್ಸ್‌ಪೈರ್ಡ್'. ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆ ನಿಂತದ್ದು 2013ರ ಜುಲೈನಲ್ಲಿ. ಹಾಗಾಗಿ ಸಂಗ್ರಾಹಕರು ಹುಡುಕುತ್ತಿರುತ್ತಾರೆ. ಕೊನೆಯದನ್ನು 'ಸಾವಿನ ಸುದ್ದಿಯ ಅಪರೂಪದ ಟೆಲಿಗ್ರಾಂ' ಎಂದು ಹಾಕಿದೆ. ಅರ್ಧ ದಿನದಲ್ಲಿ 1,200 ರೂಪಾಯಿಗೆ ಹೋಯಿತು. ಮದುವೆಯದನ್ನು 150ಕ್ಕೂ ಯಾರೂ ಕೇಳಲಿಲ್ಲ.

ಖುಷಿಯಿಂದ ಅಜ್ಜಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಯಾರ ಮನೆಯದೋ ಅದು?"

"ಗೊತ್ತಿಲ್ಲ" ಎಂದೆ.

"ನಮ್ಮ ಕಾಲದಲ್ಲಿ ಸಾವಿನ ಕಾಗದ ಬಂದರೆ ಓದಿ ಹರಿದು ಹಾಕ್ತಿದ್ವಿ, ಮನೆಯಲ್ಲಿ ಇಟ್ಕೋತಿರಲಿಲ್ಲ. ಆ ಮಗ ಅದನ್ನು ಹರೀದೆ ಇಟ್ಕೊಂಡಿದ್ದಾನೆ ಅಂದ್ರೆ ಅವನಿಗೆ ಎಷ್ಟು ಸಂಕಟ ಆಗಿರಬೇಕು" ಎಂದವರು ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದರು.

ನನಗೆ ಅಂದು ನಿದ್ದೆ ಬರಲಿಲ್ಲ. ಇಂಥ ವ್ಯಾಪಾರ ಮಾಡುವವನು ನಾನೊಬ್ಬನೇ ಅಲ್ಲವಲ್ಲ ಎಂದು ಸಮಾಧಾನ ಹುಡುಕುತ್ತಾ ಮೊಬೈಲ್ ತೆರೆದೆ. ಸಿಕ್ಕಿದ್ದು ಟೈಟಾನಿಕ್.

1912ರ ಏಪ್ರಿಲ್ 15ರಂದು ಮುಳುಗಿದ ಆ ಹಡಗಿನಲ್ಲಿ ಸುಮಾರು 1,500 ಜನ ಸತ್ತರು. ಪ್ರಯಾಣಿಕರ ಧೈರ್ಯಕ್ಕಾಗಿ ನುಡಿಸುತ್ತಿದ್ದ ಎಂಟು ಸಂಗೀತಗಾರರಲ್ಲಿ ಒಬ್ಬರೂ ಉಳಿಯಲಿಲ್ಲ. ತಂಡದ ನಾಯಕ ವ್ಯಾಲೇಸ್ ಹಾರ್ಟ್ಲಿಯ ಪಿಟೀಲು ಅವನ ಭಾವಿ ಪತ್ನಿ ಮರಿಯಾ ರಾಬಿನ್ಸನ್ ನಿಶ್ಚಿತಾರ್ಥಕ್ಕೆ ಕೊಟ್ಟಿದ್ದು. ಅದು ಮರಳಿ ಅವಳ ಕೈಸೇರಿತು. ಮರಿಯಾ ಮತ್ತೆ ಮದುವೆಯ ಮಾತೆತ್ತದೆ 1939ರಲ್ಲಿ ತೀರಿಕೊಂಡಳು. 2013ರಲ್ಲಿ ಅದೇ ಪಿಟೀಲು ಇಂಗ್ಲೆಂಡಿನ ಹರಾಜಿನಲ್ಲಿ 9 ಲಕ್ಷ ಪೌಂಡ್‌ಗೆ ಮಾರಾಟವಾಯಿತು. ಹಡಗು ಸುರಕ್ಷಿತವಾಗಿ ನ್ಯೂಯಾರ್ಕ್ ತಲುಪಿದ್ದರೆ ಅದಕ್ಕೆ ಅಷ್ಟು ಬೆಲೆ ಬರುತ್ತಿತ್ತೇ? ನನ್ನ ಎರಡು ಟೆಲಿಗ್ರಾಂಗಳ ಲೆಕ್ಕವೂ ಇದೇ ಅಲ್ಲವೇ?

ಅದೇ ತಂಡದ ಜಾಕ್ ಹ್ಯೂಮ್‌ಗೆ 21 ವರ್ಷ. ನನಗಿಂತ ಒಂದು ವರ್ಷ ದೊಡ್ಡವನು. ಅವನು ಸತ್ತ ಮೇಲೆ, ಕೆಲಸ ಕೊಡಿಸಿದ್ದ ಏಜೆನ್ಸಿ ಸಮವಸ್ತ್ರದ ಬಾಕಿ ಕಟ್ಟಿ ಎಂದು ತಂದೆಗೆ ಪತ್ರ ಬರೆಯಿತು. ಓದಿ ಸಿಟ್ಟು ಬಂತು. ಆಮೇಲೆ ನನ್ನ 1,200 ರೂಪಾಯಿ ನೆನಪಾಯಿತು.

ಗಾಂಧೀಜಿಯನ್ನೂ ಬಿಟ್ಟಿಲ್ಲ. 1948ರಲ್ಲಿ ಅವರು ಗುಂಡೇಟಿಗೆ ಬಿದ್ದ ಜಾಗದ್ದು, ರಕ್ತ ಸೋಕಿದ್ದು ಎನ್ನಲಾದ ಚಿಟಿಕೆ ಮಣ್ಣು ಮತ್ತು ಹುಲ್ಲು 2012ರಲ್ಲಿ ಇಂಗ್ಲೆಂಡಿನಲ್ಲಿ 10 ಸಾವಿರ ಪೌಂಡ್‌ಗೆ ಹರಾಜಾಯಿತು. ಕೊಂಡವರು ಭಾರತದ ಉದ್ಯಮಿಯೇ. ಅಂಥದ್ದು ಕಂಡವರ ಪಾಲಾಗದಿರಲಿ ಎಂದು ಕೊಳ್ಳುವವರೂ ಇರುತ್ತಾರೆ. ಆದರೆ ಹಣ ಹೋಗುವುದು ಮಾರಿದವರ ಜೇಬಿಗೇ.

ರೂಮ್‌ಮೇಟ್ ವಾದ ಬೇರೆ. "ನೀನು ತರದಿದ್ದರೆ ಆ ಕಾಗದ ರದ್ದಿಯಾಗಿ ಕರಗಿ ಹೋಗ್ತಿತ್ತು. ಸಂಗ್ರಾಹಕರಿಂದಲೇ ಇತಿಹಾಸ ಉಳಿಯೋದು" ಎಂದ. ಅದು ಸುಳ್ಳಲ್ಲ. ಉಳಿಸುವುದಕ್ಕೆ ನನ್ನ ತಕರಾರೂ ಇಲ್ಲ. ಆದರೆ ಉಳಿಸುವುದಕ್ಕೂ ಒಂದು ರೀತಿ ಇದೆ. ಟೈಟಾನಿಕ್‌ನ ಅವಶೇಷದಿಂದ ಮೇಲೆತ್ತಿದ ಸಾವಿರಾರು ವಸ್ತುಗಳನ್ನು ಬಿಡಿಬಿಡಿಯಾಗಿ ಮಾರಬಾರದು, ಒಟ್ಟಾಗಿ ಇಟ್ಟು ಜನರಿಗೆ ತೋರಿಸಬೇಕು ಎಂದು ಅಮೆರಿಕದ ನ್ಯಾಯಾಲಯ ಷರತ್ತು ಹಾಕಿದೆ. ನಾನಾದರೋ ಹೆಸರು, ವಿಳಾಸವನ್ನೂ ಮುಚ್ಚದೆ, 'ಸಾವು' ಎಂಬ ಪದವನ್ನೇ ಜಾಹೀರಾತು ಮಾಡಿಕೊಂಡಿದ್ದೆ. ಇತಿಹಾಸ ಉಳಿಸುವ ಯೋಚನೆ ಆಗ ನನ್ನ ತಲೆಯಲ್ಲಿ ಇರಲೇ ಇಲ್ಲ.

ಈಗ ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆ ಮನೆಯವರ ಎದುರು ನಿಂತು, ಅವರ ಮುಖ ನೋಡಿಕೊಂಡು ನಾನು ಈ ವಸ್ತುವಿನ ಬೆಲೆ ಹೇಳಬಲ್ಲೆನೇ? ಹೇಳಬಲ್ಲೆನಾದರೆ ಮಾರುತ್ತೇನೆ. ನಾಣ್ಯ, ಅಂಚೆಚೀಟಿ, ಸಿನಿಮಾ ಪೋಸ್ಟರ್‌ಗಳೆಲ್ಲ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತವೆ. ಟೆಲಿಗ್ರಾಂ ಮಾತ್ರ ಫೇಲ್.

ಮೊನ್ನೆ ಅದೇ ಗಿರಾಕಿ ಮೆಸೇಜ್ ಮಾಡಿದ್ದರು. 'ಸೀರಿಯಸ್' ಎಂದಿರುವ ಟೆಲಿಗ್ರಾಂ ಕೂಡ ಕೊಟ್ಟರೆ ಜೋಡಿಯಾಗುತ್ತದೆ, 2,000 ಕೊಡುತ್ತೇನೆ ಎಂದು. ಈ ಸೆಮಿಸ್ಟರ್‌ನ ಶುಲ್ಕ ಕಟ್ಟಲು ಹತ್ತೇ ದಿನ ಉಳಿದಿತ್ತು. ಇಲ್ಲ ಎಂದೆ. ಮಾರಿದ್ದನ್ನು ಅದೇ ಬೆಲೆಗೆ ವಾಪಸ್ ಕೊಡುವಿರಾ ಎಂದು ಕೇಳಿದೆ. ಅವರು ಒಪ್ಪಲಿಲ್ಲ. ಶುಲ್ಕಕ್ಕೆ ಅಣ್ಣನ ಬಳಿ ಸಾಲ ಮಾಡಿದೆ.

ಟೆಲಿಗ್ರಾಂ ಮೇಲಿದ್ದ ವಿಳಾಸಕ್ಕೆ ಒಂದು ಕಾಗದ ಬರೆದು ಹಾಕಿದ್ದೇನೆ. 'ನಿಮ್ಮ ಮನೆಯದೊಂದು ವಸ್ತು ನನ್ನ ಬಳಿ ಇದೆ, ಬೇಕಿದ್ದರೆ ತಂದು ಕೊಡುತ್ತೇನೆ' ಎಂದು. ಇನ್ನೂ ಉತ್ತರ ಬಂದಿಲ್ಲ. ಆ ಮನೆ ಇದೆಯೋ ಇಲ್ಲವೋ. ಅಲ್ಲಿಯವರೆಗೆ ಆ ಟೆಲಿಗ್ರಾಂ, ಮದುವೆಯ ಶುಭಾಶಯದ ಜೊತೆ, ನನ್ನ ಆಲ್ಬಮ್‌ನ ಹೊರಗೆ ಬೇರೆ ಲಕೋಟೆಯಲ್ಲಿ ಇರುತ್ತದೆ.