ಸಂಬಳವಿಲ್ಲದ ಸೇವೆ: ಜವಾಬ್ದಾರಿಯೂ ಇಲ್ಲವೆ?

"ನಮ್ಮದು ಧರ್ಮದ ಕೆಲಸ ಸ್ವಾಮಿ, ಅವರೇನು ಸಂಬಳಕ್ಕೆ ಬರ್ತಾರಾ?" ಸೇವಾ ಸಂಸ್ಥೆಯ ಸ್ವಯಂಸೇವಕನ ಮೇಲೆ ಹೆಣ್ಣುಮಗಳೊಬ್ಬಳು ದೂರು ತಂದರೆ ಪದಾಧಿಕಾರಿಗಳ ಬಾಯಿಂದ ಮೊದಲು ಹೊರಡುವುದು ಇಂಥ ಮಾತೇ. ಆಮೇಲೆ ಹಿರಿಯರು ಸೇರುತ್ತಾರೆ, ಕಾಫಿ ಬರುತ್ತದೆ, ರಾಜಿಯಾಗುತ್ತದೆ. ಹುಡುಗಿ ಸಂಸ್ಥೆ ಬಿಡುತ್ತಾಳೆ. ಸ್ವಯಂಸೇವಕರು ಮುಂದಿನ ವಾರ್ಷಿಕೋತ್ಸವದಲ್ಲಿ ಹಾರ ಹಾಕಿಸಿಕೊಳ್ಳುತ್ತಾರೆ.

ಕಾನೂನು ಈ ಲೆಕ್ಕ ಒಪ್ಪುವುದಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಸಂಬಳ ಪಡೆಯದೆ ಸ್ವಇಚ್ಛೆಯಿಂದ ದುಡಿಯುವವರೂ ನೌಕರರೇ. ಟ್ರಸ್ಟು, ಸೊಸೈಟಿ, ಸ್ವಯಂಸೇವಾ ಸಂಸ್ಥೆ ಮೂರನ್ನೂ ಕಾಯ್ದೆ ಹೆಸರಿಟ್ಟೇ ಹೇಳಿದೆ. ಹತ್ತು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು; ಹಿರಿಯ ಮಹಿಳೆಯೇ ಅದರ ಅಧ್ಯಕ್ಷೆ. ಸಮಿತಿ ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಅದೇ ತಪ್ಪು ಮತ್ತೆ ಮಾಡಿದರೆ ದಂಡ ಇಮ್ಮಡಿ, ನೋಂದಣಿಯೂ ಹೋಗಬಹುದು.

ಅಧ್ಯಕ್ಷರ ಮೇಲೇ ದೂರಿದ್ದರೆ? ಅವರೇ ನೇಮಿಸಿದ ಸಮಿತಿಯ ಮುಂದೆ ಹೋಗಿ ಅಳುವುದು ಬೇಡ. ಅಂಥ ದೂರಿಗೂ, ಹತ್ತಕ್ಕಿಂತ ಕಮ್ಮಿ ಜನರ ಪುಟ್ಟ ಸಂಸ್ಥೆಗಳಿಗೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಉಂಟು. ಕಾಯ್ದೆ ಬಂದು ಹನ್ನೊಂದು ವರ್ಷವಾದ ಮೇಲೂ, 2024ರ ಡಿಸೆಂಬರಿನಲ್ಲಿ, ಈ ಸಮಿತಿಗಳನ್ನು ರಚಿಸಿ ಎಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಗಡುವು ಹಾಕಬೇಕಾಯಿತು. ಸರ್ಕಾರಿ ಚುರುಕು ಅಂದರೆ ಇದು!

ದೂರು ಕೊಡಲು ಮೂರು ತಿಂಗಳ ಅವಧಿ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಆಗದವಳಿಗೆ ಬರವಣಿಗೆಯಲ್ಲಿ ನೆರವಾಗುವುದೂ ಸಮಿತಿಯದೇ ಕರ್ತವ್ಯ. ರಾಜಿ ಎಂಬುದು ಅವಳಾಗಿ ಕೇಳಿದರೆ ಮಾತ್ರ. ದುಡ್ಡು ಕೊಟ್ಟು ಬಾಯಿ ಮುಚ್ಚಿಸುವ ರಾಜಿಗಂತೂ ಕಾಯ್ದೆಯಲ್ಲಿ ಜಾಗವೇ ಇಲ್ಲ.

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಕಟು. 2012ರ ಪೋಕ್ಸೋ ಕಾಯ್ದೆಯಡಿ, ಕೈಕೆಳಗಿನವನ ಕೃತ್ಯವನ್ನು ಪೊಲೀಸರಿಗೆ ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು. "ಸಂಸ್ಥೆಯ ಹೆಸರು ಕೆಡುತ್ತೆ" ಅನ್ನೋ ಸಬೂಬು ನಡೆಯೋಲ್ಲ.

ಬಿಹಾರದ ಮುಜಫ್ಫರ್‌ಪುರದಲ್ಲಿ ಆದದ್ದು ನೋಡಿ. ಸರ್ಕಾರದ ದುಡ್ಡಿನಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ನಡೆಸುತ್ತಿದ್ದ ಬಾಲಕಿಯರ ಆಶ್ರಯಧಾಮದ ಹೂರಣವನ್ನು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ವರದಿ 2018ರಲ್ಲಿ ಹೊರಹಾಕಿತು. 2020ರಲ್ಲಿ ದಿಲ್ಲಿಯ ನ್ಯಾಯಾಲಯ 19 ಮಂದಿಯನ್ನು ತಪ್ಪಿತಸ್ಥರೆಂದಿತು. ಧಾಮ ನಡೆಸುತ್ತಿದ್ದವನಿಗೆ ಬದುಕಿರುವಷ್ಟು ದಿನವೂ ಜೈಲು. ಸಿಕ್ಕಿಬಿದ್ದವರಲ್ಲಿ ಅಲ್ಲಿನ ಹೆಂಗಸು ಸಿಬ್ಬಂದಿಯೂ ಇದ್ದರು. ಮಕ್ಕಳನ್ನು ಕಾಯಬೇಕಿದ್ದ ಸಮಿತಿಯವರೂ ಇದ್ದರು. ಮಕ್ಕಳ ರಕ್ಷಣಾ ಘಟಕದ ಅಧಿಕಾರಿಣಿಯೊಬ್ಬರ ಮೇಲೆ ರುಜುವಾತಾದ ಅಪರಾಧ, ವಿಷಯವನ್ನು ವರದಿ ಮಾಡದೆ ಇದ್ದದ್ದು.